ಬಿಸಿಲು ಕಾಣದ ಗುಂಡಿಯ ಫೋಟೊ

ಮಳೆಗಾಲದ ಒಂದು ಸಂಜೆ ಕರೆಂಟು ಹೋಯಿತು. ಅಡುಗೆಮನೆಯಲ್ಲಿ ಚಪಾತಿಗೆ ಕಲಸಿಟ್ಟ ಹಿಟ್ಟು ಹಾಗೇ ಇತ್ತು. ನಾಲ್ಕನೇ ಕ್ಲಾಸಿನಲ್ಲಿ ಓದುವ ನನ್ನ ತಂಗಿಯ ಮಗಳು ಪುಟ್ಟಿ ಅದರಿಂದ ಒಂದು ಉಂಡೆ ಎಗರಿಸಿಕೊಂಡು ಬಂದಳು. ತಟ್ಟೆಯ ಮೇಲೆ ಅದನ್ನು ದಪ್ಪಗೆ ತಟ್ಟಿ, ನಡುವೆ ಲೋಟದ ತಳ ಒತ್ತಿ, ಒಂದು ಗುಂಡಿ ಮಾಡಿದಳು.

"ಮಾಮ, ಇದು ಚಂದ್ರ" ಅಂದಳು.

ಟಾರ್ಚನ್ನು ಮೇಲಿನಿಂದ ಹಿಡಿದಾಗ ಗುಂಡಿಯ ತಳ ಚೆನ್ನಾಗಿ ಕಂಡಿತು. ಟಾರ್ಚನ್ನು ನಿಧಾನವಾಗಿ ಕೆಳಗಿಳಿಸಿ, ತಟ್ಟೆಯ ಮಟ್ಟಕ್ಕೆ ಮಲಗಿಸಿದಳು. ಹಿಟ್ಟಿನ ಮೇಲ್ಮೈ ಬೆಳಗಿತು, ಗುಂಡಿಯ ಆಚೆ ಅಂಚಿನ ಮೇಲ್ಭಾಗ ಒಂದು ಬಿಳಿ ಬಳೆಯ ತುಂಡಿನಂತೆ ಹೊಳೆಯಿತು. ತಳದಲ್ಲಿ ಮಾತ್ರ ಕತ್ತಲೆ ತುಂಬಿಕೊಂಡಿತು. ಟಾರ್ಚನ್ನು ತಟ್ಟೆಯ ಸುತ್ತ ಒಂದು ಸುತ್ತು ಹಾಕಿಸಿದಳು. ಬಿಳಿ ಬಳೆ ಅಂಚಿನ ಮೇಲೆ ತಿರುಗಿತೇ ಹೊರತು ತಳಕ್ಕೆ ಬೆಳಕು ಇಳಿಯಲಿಲ್ಲ.

"ಇದರೊಳಗೆ ಏನಿದೆ ಅಂತ ಹೇಗೆ ಗೊತ್ತಾಗತ್ತೆ? ಫ್ಲ್ಯಾಶ್ ಹಾಕಿ ಫೋಟೊ ತೆಗೀಬಹುದಲ್ವಾ?"

ಪ್ರಶ್ನೆ ಚೆನ್ನಾಗಿತ್ತು. ಕರೆಂಟು ಬರುವವರೆಗೂ ನಾವು ಅದನ್ನೇ ಮಾತಾಡಿದೆವು. ಆವತ್ತು ಅವಳಿಗೆ ಹೇಳಿದ್ದನ್ನೂ, ಹೇಳಲು ಮರೆತದ್ದನ್ನೂ ಸೇರಿಸಿ ಈಗ ನಿಮಗೆ ಹೇಳುತ್ತೇನೆ.

ಮೊದಲು ಒಂದು ತಪ್ಪನ್ನು ಸರಿಮಾಡಿಕೊಳ್ಳೋಣ. ಚಂದ್ರ ಯಾವಾಗಲೂ ಒಂದೇ ಮುಖವನ್ನು ನಮ್ಮ ಕಡೆ ತಿರುಗಿಸಿಕೊಂಡಿರುತ್ತಾನೆ. ಅವನ ಬೆನ್ನು ನಮಗೆ ಕಾಣುವುದಿಲ್ಲ. ಈ ಬೆನ್ನನ್ನು ಬಹಳ ಜನ 'ಕತ್ತಲ ಬದಿ' ಎನ್ನುತ್ತಾರೆ. ದೊಡ್ಡವರೂ ಹಾಗೆನ್ನುತ್ತಾರೆ, ಸಿನಿಮಾದವರಂತೂ ಹಾಗೇ ಹೇಳುತ್ತಾರೆ. ಅದು ಕತ್ತಲ ಬದಿಯಲ್ಲ, ಆಚೆ ಬದಿ. ಅಲ್ಲಿಯೂ ಸುಮಾರು ಎರಡು ವಾರ ಹಗಲು, ಎರಡು ವಾರ ರಾತ್ರಿ. ನಮಗೆ ಅಮಾವಾಸ್ಯೆಯಾದ ದಿನ ಅಲ್ಲಿ ಭರ್ತಿ ಬಿಸಿಲು. ಸೋವಿಯತ್ ದೇಶದ ಲೂನಾ 3 ನೌಕೆ 1959ರ ಅಕ್ಟೋಬರ್ 7ರಂದು ಮೊದಲ ಬಾರಿಗೆ ಆ ಬದಿಯ ಫೋಟೊ ತೆಗೆದದ್ದು ಆ ಬಿಸಿಲಿನಲ್ಲೇ. ಆಗ ಡಿಜಿಟಲ್ ಕ್ಯಾಮೆರಾ ಇರಲಿಲ್ಲ. ನೌಕೆಯೊಳಗೇ ಒಂದು ಪುಟಾಣಿ ಫೋಟೊ ಸ್ಟುಡಿಯೊ ಇತ್ತು. ಅದು ರೀಲನ್ನು ತಾನೇ ತೊಳೆದು, ಒಣಗಿಸಿ, ಚಿತ್ರವನ್ನು ಗೆರೆ ಗೆರೆಯಾಗಿ ಓದಿ, ರೇಡಿಯೊ ಮೂಲಕ ಭೂಮಿಗೆ ಕಳಿಸಿತು. ಮಸುಕು ಚಿತ್ರಗಳೇ, ಆದರೂ ಮನುಷ್ಯರು ಅದುವರೆಗೆ ನೋಡಿರದ ಜಾಗ!

ಹಾಗಾದರೆ ಚಂದ್ರನಲ್ಲಿ ನಿಜವಾದ ಕತ್ತಲೆ ಎಲ್ಲಿದೆ? ಅವನ ನೆತ್ತಿಯಲ್ಲಿ ಮತ್ತು ಅಂಗಾಲಿನಲ್ಲಿ, ಅಂದರೆ ಎರಡು ಧ್ರುವಗಳಲ್ಲಿ.

ಬೆಂಗಳೂರಿನಲ್ಲಿ ಏಪ್ರಿಲ್ ತಿಂಗಳ ನಡು ಮಧ್ಯಾಹ್ನ ಅಂಗಳದಲ್ಲಿ ನಿಂತರೆ ನಿಮ್ಮ ನೆರಳು ನಿಮ್ಮ ಕಾಲಡಿಗೇ ಮುದುರಿಕೊಂಡಿರುತ್ತದೆ. ಸೂರ್ಯ ನೆತ್ತಿಯ ಮೇಲಿರುತ್ತಾನೆ. ಅದೇ ಸಂಜೆ ಒಂದು ತೆಂಗಿನ ಮರದ ನೆರಳು ಗದ್ದೆಯನ್ನು ದಾಟಿ ಪಕ್ಕದವರ ಬೇಲಿ ಮುಟ್ಟುತ್ತದೆ. ಸೂರ್ಯ ಕೆಳಗಿಳಿದಷ್ಟೂ ನೆರಳು ಉದ್ದ. ಭೂಮಿಯ ಅಕ್ಷ 23.5 ಡಿಗ್ರಿ ವಾಲಿರುವುದರಿಂದ ನಮ್ಮ ಧ್ರುವಗಳಲ್ಲಿ ಸೂರ್ಯ ಬೇಸಿಗೆಯಲ್ಲಿ ಸ್ವಲ್ಪ ಮೇಲೇರುತ್ತಾನೆ, ಚಳಿಗಾಲದಲ್ಲಿ ಮುಳುಗಿಯೇ ಹೋಗುತ್ತಾನೆ. ಚಂದ್ರನ ಅಕ್ಷ ವಾಲಿರುವುದು ಕೇವಲ ಒಂದೂವರೆ ಡಿಗ್ರಿ. ಅವನು ಬಹುತೇಕ ನೆಟ್ಟಗೆ ನಿಂತ ಬುಗುರಿ. ಹಾಗಾಗಿ ಚಂದ್ರನ ಧ್ರುವದಲ್ಲಿ ನಿಂತವರಿಗೆ ಸೂರ್ಯ ದಿಗಂತದ ಅಂಚಿನಲ್ಲೇ ಉರುಳುತ್ತಾ ಸುತ್ತು ಹಾಕುವುದು ಕಾಣುತ್ತದೆ. ಎಷ್ಟೇ ಮೇಲೆ ಬಂದರೂ ಮೂರು ಸೂರ್ಯರನ್ನು ಒಬ್ಬರ ಮೇಲೊಬ್ಬರನ್ನು ಪೇರಿಸಿದಷ್ಟು ಎತ್ತರ, ಅಷ್ಟೇ. ಪುಟ್ಟಿ ತಟ್ಟೆಯ ಸುತ್ತ ತಿರುಗಿಸಿದ ಟಾರ್ಚು ಇದೇ.

ದಕ್ಷಿಣ ಧ್ರುವದಲ್ಲಿ ಶ್ಯಾಕಲ್ಟನ್ ಎಂಬ ಕುಳಿ ಇದೆ. ಅಂಟಾರ್ಕ್ಟಿಕದ ಹಿಮದಲ್ಲಿ ಅಲೆದ ಸಾಹಸಿ ಅರ್ನೆಸ್ಟ್ ಶ್ಯಾಕಲ್ಟನ್‌ನ ಹೆಸರು ಅದಕ್ಕೆ. ಅಗಲ 21 ಕಿಲೊಮೀಟರ್, ಆಳ ನಾಲ್ಕು ಕಿಲೊಮೀಟರಿಗೂ ಜಾಸ್ತಿ. ಕರ್ನಾಟಕದ ಅತಿ ಎತ್ತರದ ಬೆಟ್ಟ ಮುಳ್ಳಯ್ಯನಗಿರಿ, ಸಮುದ್ರ ಮಟ್ಟದಿಂದ ಸುಮಾರು 1,930 ಮೀಟರ್. ಅಂಥ ಎರಡು ಎತ್ತರಗಳನ್ನು ಒಂದರ ಮೇಲೊಂದು ಇಟ್ಟು ಆ ಕುಳಿಯೊಳಗೆ ಇಳಿಬಿಟ್ಟರೂ ತುದಿ ಹೊರಗೆ ಕಾಣದು. ಅದರ ಅಂಚಿನ ಕೆಲವು ದಿಬ್ಬಗಳ ಮೇಲೆ ವರ್ಷದ ಹೆಚ್ಚು ದಿನ ಬಿಸಿಲಿರುತ್ತದೆ. ತಳಕ್ಕೆ ಮಾತ್ರ ನೂರಾರು ಕೋಟಿ ವರ್ಷಗಳಿಂದ ಒಂದೇ ಒಂದು ಸೂರ್ಯಕಿರಣವೂ ನೇರವಾಗಿ ಬಿದ್ದಿಲ್ಲ. ಡೈನೊಸಾರ್‌ಗಳು ಬಂದು ಹೋಗಿದ್ದು ಇದರ ಮುಂದೆ ನಿನ್ನೆ ಮೊನ್ನೆಯ ಮಾತು. ಇಂಥ ಜಾಗಗಳಿಗೆ ವಿಜ್ಞಾನಿಗಳು ಶಾಶ್ವತ ನೆರಳಿನ ಪ್ರದೇಶಗಳು ಎನ್ನುತ್ತಾರೆ.

ನೆರಳು ಎಂದ ತಕ್ಷಣ ನಿಮಗೆ ಹುಣಸೆ ಮರದ ಕೆಳಗಿನ ತಂಪು ನೆರಳು ನೆನಪಾಗಬಹುದು. ಅಲ್ಲಿ ಕೂತು ಪುಸ್ತಕ ಓದಬಹುದು, ಚೌಕಾಬಾರ ಆಡಬಹುದು. ಯಾಕೆಂದರೆ ನಮ್ಮ ಮೇಲೆ ಗಾಳಿಯಿದೆ. ಗಾಳಿ ಬಿಸಿಲನ್ನು ಎಲ್ಲ ಕಡೆ ಚದುರಿಸುತ್ತದೆ, ಹಾಗಾಗಿಯೇ ಆಕಾಶ ನೀಲಿ, ಆ ನೀಲಿ ಆಕಾಶವೇ ಮರದಡಿಗೂ ಬೆಳಕು ಕೊಡುತ್ತದೆ. ಚಂದ್ರನಲ್ಲಿ ಉಸಿರಾಡುವಂಥ ಗಾಳಿ ಇಲ್ಲ. ಹಗಲಲ್ಲೂ ಆಕಾಶ ಕಪ್ಪು. ಅಲ್ಲಿನ ನೆರಳು ಮಸಿ ಚೆಲ್ಲಿದ ಹಾಗೆ.

ಅಲ್ಲಿ ಚಳಿಯೂ ಅಷ್ಟೇ ಗಟ್ಟಿ. ನಾಸಾದ ಎಲ್‌ಆರ್‌ಒ ನೌಕೆ 2009ರಿಂದ ಚಂದ್ರನನ್ನು ಸುತ್ತುತ್ತಿದೆ. ಅದರಲ್ಲಿರುವ ಶಾಖ ಅಳೆಯುವ ಸಾಧನ ಕೆಲವು ಕುಳಿಗಳಲ್ಲಿ ಸೊನ್ನೆಗಿಂತ 240 ಡಿಗ್ರಿ ಕೆಳಗಿನ ತಣ್ಣನೆಯನ್ನು ಕಂಡಿದೆ. ಸೂರ್ಯನಿಂದ ಅಷ್ಟು ದೂರದ ಪ್ಲೂಟೊಗಿಂತ ನಮ್ಮ ಪಕ್ಕದ ಚಂದ್ರನ ಗುಂಡಿ ಹೆಚ್ಚು ತಣ್ಣಗಿದೆ!

ಈ ಚಳಿಯೇ ಎಲ್ಲರ ಕುತೂಹಲಕ್ಕೆ ಕಾರಣ. ಬೀರುವಿನಲ್ಲಿ ಬಟ್ಟೆಗಳ ನಡುವೆ ನುಸಿಗುಳಿಗೆ ಇಡುತ್ತಾರಲ್ಲ, ಅದು ನೀರಾಗಿ ಕರಗುವುದಿಲ್ಲ. ದಿನಕಳೆದಂತೆ ಸವೆದು, ಕಡೆಗೊಂದು ದಿನ ಮಾಯ. ಗಟ್ಟಿಯಿಂದ ನೇರವಾಗಿ ಆವಿಯಾಗಿ ಹೋಗಿರುತ್ತದೆ. ಚಂದ್ರನ ಬಿಸಿಲಿನಲ್ಲಿ ಮಂಜುಗಡ್ಡೆ ಇಟ್ಟರೆ ಅದರ ಗತಿಯೂ ಇದೇ. ಆದರೆ ಆ ಕುಳಿಗಳ ಚಳಿಯಲ್ಲಿ ಮಂಜುಗಡ್ಡೆ ಕೋಟ್ಯಂತರ ವರ್ಷ ಸವೆಯದೆ ಉಳಿದೀತು. ಧೂಮಕೇತುಗಳು ಬಡಿದಾಗ ಬಂದ ನೀರು ಅಲ್ಲಿ ಸಿಕ್ಕಿಹಾಕಿಕೊಂಡಿರಬಹುದು ಎಂಬ ಊಹೆ 1950ರ ದಶಕದಷ್ಟು ಹಳೆಯದು. ಮುಂದೆ ಚಂದ್ರನಲ್ಲಿ ಮನುಷ್ಯರು ಇರಬೇಕಾದರೆ ನೀರನ್ನು ಭೂಮಿಯಿಂದ ಹೊತ್ತುಕೊಂಡು ಹೋಗುವುದಕ್ಕಿಂತ ಅಲ್ಲೇ ಸಿಕ್ಕರೆ ಎಷ್ಟು ಸಲೀಸು!

ಇರಲಿ, ಪುಟ್ಟಿಯ ಫ್ಲ್ಯಾಶಿನ ಪ್ರಶ್ನೆಗೆ ಬರೋಣ. ಮೊಬೈಲಿನ ಫ್ಲ್ಯಾಶು ಮದುವೆ ಮನೆಯಲ್ಲಿ ಎದುರಿನ ಸಾಲಿನವರ ಮುಖ ಬೆಳಗುತ್ತದೆ, ಹಿಂದಿನ ಸಾಲಿಗೆ ಬರುವಷ್ಟರಲ್ಲಿ ಸೋತಿರುತ್ತದೆ. ಚಂದ್ರನನ್ನು ಸುತ್ತುವ ನೌಕೆ ಸಾಮಾನ್ಯವಾಗಿ ನೂರು ಕಿಲೊಮೀಟರ್ ಎತ್ತರದಲ್ಲಿರುತ್ತದೆ. ಬೆಂಗಳೂರಿನಲ್ಲಿ ನಿಂತು ಫ್ಲ್ಯಾಶ್ ಹೊಡೆದು ಮಂಡ್ಯದ ಕಬ್ಬಿನ ಗದ್ದೆಯ ಫೋಟೊ ತೆಗೆಯಲು ಹೊರಟ ಹಾಗೆ! ಅದಕ್ಕೆ ಬೇಕಾದ ದೀಪವನ್ನು ಹೊತ್ತೊಯ್ಯುವ ನೌಕೆಯೂ ಇಲ್ಲ, ಅದಕ್ಕೆ ಸಾಕಾಗುವ ಬ್ಯಾಟರಿಯೂ ಇಲ್ಲ. ಎಲ್‌ಆರ್‌ಒ ಒಂದು ಲೇಸರ್ ಕಿರಣವನ್ನು ಕೆಳಗೆ ಬಿಡುತ್ತದೆ, ನಿಜ. ಆದರೆ ಅದು ಕಣ್ಣು ಕಾಣದವರು ಕೋಲು ಊರಿಕೊಂಡು ನೆಲದ ಏರುತಗ್ಗು ತಿಳಿದಂತೆ. ಚುಕ್ಕೆ ಚುಕ್ಕೆಯಾಗಿ ಆಳ ಎಷ್ಟೆಂದು ಹೇಳುತ್ತದೆ. ಫೋಟೊ ಕೊಡುವುದಿಲ್ಲ.

ದೀಪ ಒಯ್ಯುವ ಹಾಗಿಲ್ಲ ಎಂದರೆ ಅಲ್ಲಿ ಇರುವ ಬೆಳಕನ್ನೇ ಹುಡುಕಬೇಕು. ಕಗ್ಗತ್ತಲ ಗುಂಡಿಯಲ್ಲಿ ಬೆಳಕು ಎಲ್ಲಿಂದ ಬರಬೇಕು?

ನನ್ನ ಅಜ್ಜಿಯದು ಹಳೆಯ ತೊಟ್ಟಿ ಮನೆ. ನಡುವೆ ತೆರೆದ ತೊಟ್ಟಿ, ಸುತ್ತ ಪಡಸಾಲೆ, ಅದರ ಹಿಂದೆ ಕೋಣೆಗಳು. ಒಳಕೋಣೆಗೆ ಬಿಸಿಲು ಯಾವತ್ತೂ ಬೀಳುತ್ತಿರಲಿಲ್ಲ. ಆದರೂ ಅಜ್ಜಿ ಬಾಗಿಲ ಹತ್ತಿರ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಒಂದು ಕಲ್ಲೂ ತಪ್ಪುತ್ತಿರಲಿಲ್ಲ. ತೊಟ್ಟಿಗೆ ಬಿದ್ದ ಬಿಸಿಲು ಎದುರಿನ ಸುಣ್ಣದ ಗೋಡೆಗೆ ತಾಗಿ, ಅಲ್ಲಿಂದ ಪುಟಿದು ಒಳಗೆ ಬರುತ್ತಿತ್ತು. ಅದು ಗೋಡೆಯಿಂದ ಎರವಲು ತಂದ ಬೆಳಕು.

ಚಂದ್ರನ ಕುಳಿಯಲ್ಲೂ ಹೀಗೇ ಆಗುತ್ತದೆ. ತಳಕ್ಕೆ ಬಿಸಿಲಿಲ್ಲ, ಆದರೆ ಆಚೆ ಗೋಡೆಯ ಮೇಲ್ಭಾಗಕ್ಕೋ ಪಕ್ಕದ ಬೆಟ್ಟಕ್ಕೋ ಬಿಸಿಲು ತಾಗುತ್ತದೆ. ಅಲ್ಲಿಂದ ಪುಟಿದ ಬೆಳಕಿನ ಒಂದು ಚೂರು ತಳಕ್ಕೂ ಇಳಿಯುತ್ತದೆ. ಕರೆಂಟು ಹೋದ ಆ ಸಂಜೆ ನಾವು ಟಾರ್ಚನ್ನು ಅಲುಗಿಸದೆ, ಗುಂಡಿಯ ಆಚೆ ಬದಿಗೆ ಒಂದು ಬಿಳಿ ಹಾಳೆ ಹಿಡಿದು ನೋಡಿದೆವು. ತಳದಲ್ಲಿ ಲೋಟದ ಗುರುತು ಮೆಲ್ಲಗೆ ಎದ್ದು ಬಂತು. ಹಾಳೆ ತೆಗೆದರೆ ಮಾಯ, ಹಿಡಿದರೆ ಹಾಜರ್! ಪುಟ್ಟಿ ಇದನ್ನು ಇಪ್ಪತ್ತು ಸಲವಾದರೂ ಮಾಡಿದಳು. ನೀವೂ ಮಾಡಿ ನೋಡಿ, ಹಿಟ್ಟು ಕೇಳಿ ತೆಗೆದುಕೊಂಡರೆ ಒಳ್ಳೆಯದು.

ಆದರೆ ಚಂದ್ರನ ಗೋಡೆಗೆ ಸುಣ್ಣ ಬಳಿದಿಲ್ಲ. ಹುಣ್ಣಿಮೆ ಚಂದ್ರ ಬೆಳ್ಳಿ ತಟ್ಟೆಯ ಹಾಗೆ ಕಾಣುವುದು ಸುತ್ತಲಿನ ಆಕಾಶ ಕಪ್ಪಾಗಿರುವುದರಿಂದ. ನಿಜದಲ್ಲಿ ಅವನ ಮಣ್ಣು ಹಳೆಯ ಟಾರು ರಸ್ತೆಯ ಬಣ್ಣದ್ದು. ಬಿದ್ದ ಬೆಳಕಿನಲ್ಲಿ ಎಂಟನೇ ಒಂದು ಪಾಲನ್ನೂ ಅವನು ಹಿಂದಿರುಗಿಸುವುದು ಕಷ್ಟ. ಹಾಗೆ ಪುಟಿದ ಬೆಳಕು ತಳ ಮುಟ್ಟಿ, ಅಲ್ಲಿಂದ ಮತ್ತೊಮ್ಮೆ ಪುಟಿದು ನೂರು ಕಿಲೊಮೀಟರ್ ಮೇಲಿನ ಕ್ಯಾಮೆರಾಕ್ಕೆ ಬರಬೇಕು. ಜಿಪುಣನ ಮನೆಯಲ್ಲಿ ಎರಡು ಸಲ ಸಾಲ ಕೇಳಿದಂತೆ.

ಹೀಗಿದ್ದೂ ಜಪಾನಿನವರು ಪ್ರಯತ್ನ ಮಾಡಿದರು. ಅವರು 2007ರಲ್ಲಿ ಕಳಿಸಿದ ನೌಕೆಯ ಹೆಸರು ಕಗುಯಾ. ಜಪಾನಿನ ಒಂದು ಹಳೆಯ ಕಥೆಯಲ್ಲಿ ಚಂದ್ರಲೋಕದಿಂದ ಬಂದು, ಕಡೆಗೆ ಚಂದ್ರಲೋಕಕ್ಕೇ ಮರಳುವ ರಾಜಕುಮಾರಿಯ ಹೆಸರದು. ಕಗುಯಾದ ಕ್ಯಾಮೆರಾ ಶ್ಯಾಕಲ್ಟನ್ ಕುಳಿಗೆ ಎರವಲು ಬೆಳಕು ಹೆಚ್ಚು ಸಿಗುವ ದಿನಗಳನ್ನು ಕಾದು, ಒಳಗಿನ ಚಿತ್ರ ತೆಗೆಯಿತು. ತಳದಲ್ಲಿ ದಿಬ್ಬಗಳು, ಸಣ್ಣ ಕುಳಿಗಳು ಕಂಡವು. ಬೆಳ್ಳಗೆ ಹೊಳೆಯುವ ಮಂಜುಗಡ್ಡೆಯ ಕೆರೆ ಇದ್ದೀತೆಂದು ಆಸೆಪಟ್ಟವರಿಗೆ ನಿರಾಸೆ. ಅಂಥದ್ದೇನೂ ಮೇಲ್ಗಡೆ ಕಾಣಿಸಲಿಲ್ಲ ಎಂದು ಅವರು 2008ರಲ್ಲಿ ವರದಿ ಮಾಡಿದರು. ಮಂಜುಗಡ್ಡೆ ಇದ್ದರೆ ಅದು ಮಣ್ಣಿನಲ್ಲಿ ಬೆರೆತೋ ಮಣ್ಣಿನಡಿ ಹೂತೋ ಇರಬೇಕು.

ಕಡಿಮೆ ಬೆಳಕಿನ ಫೋಟೊ ಯಾಕೆ ಚೆನ್ನಾಗಿ ಬರುವುದಿಲ್ಲ? ರಾತ್ರಿ ಮನೆಯಂಗಳದಲ್ಲಿ ಮೊಬೈಲಿನಿಂದ ಒಂದು ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ, ಮೇಲೆಲ್ಲ ರವೆ ಎರಚಿದ ಹಾಗೆ ಕಾಣುತ್ತದೆ. ಬೆಳಕು ಹನಿಹನಿಯಾಗಿ ಬರುತ್ತದೆ, ಮಳೆಯಂತೆ. ಜೋರು ಮಳೆ ಸುರಿದರೆ ಅಂಗಳದ ಕಲ್ಲುಚಪ್ಪಡಿಗಳೆಲ್ಲ ಒಂದೇ ಸಮ ನೆನೆಯುತ್ತವೆ. ಮೊದಲ ನಾಲ್ಕು ಹನಿ ಬಿದ್ದಾಗ ಹಾಗಲ್ಲ, ಒಂದು ಚಪ್ಪಡಿಯ ಮೇಲೆ ಎರಡು ಹನಿ, ಪಕ್ಕದ್ದರ ಮೇಲೆ ಒಂದೂ ಇಲ್ಲ. ಕತ್ತಲ ಫೋಟೊದ ರವೆ ಎಂದರೆ ಇದೇ, ಬೆಳಕಿನ ಮೊದಲ ಹನಿಗಳ ಗುರುತು. ಅಂಗಳ ಸಮನಾಗಿ ನೆನೆಯಬೇಕೆಂದರೆ ಹೆಚ್ಚು ಹೊತ್ತು ಕಾಯಬೇಕು.

ಕಾಯುವುದೇ ಇಲ್ಲಿನ ಕಷ್ಟ. ನೂರು ಕಿಲೊಮೀಟರ್ ಎತ್ತರದ ನೌಕೆ ಸೆಕೆಂಡಿಗೆ ಸುಮಾರು ಒಂದೂವರೆ ಕಿಲೊಮೀಟರ್ ಓಡುತ್ತಿರುತ್ತದೆ. ಎರಡು ಗಂಟೆಗೊಮ್ಮೆ ಚಂದ್ರನಿಗೆ ಒಂದು ಪ್ರದಕ್ಷಿಣೆ. ನಿಲ್ಲು ಎಂದರೆ ನಿಲ್ಲುವ ಹಾಗಿಲ್ಲ, ನಿಂತರೆ ಬೀಳುತ್ತದೆ. ಓಡುವ ಬಸ್ಸಿನ ಕಿಟಕಿಯಿಂದ ರಸ್ತೆ ಬದಿಯ ಹುಲ್ಲನ್ನು ನೋಡಿದ್ದೀರಲ್ಲ, ಹಸಿರು ಗೀಟುಗಳಾಗಿ ಕಾಣುತ್ತದೆ. ಕ್ಯಾಮೆರಾದ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಟ್ಟರೆ ಚಂದ್ರನ ನೆಲವೂ ಹಾಗೇ ಗೀಟಾಗುತ್ತದೆ. ತೆರೆದಿಡದಿದ್ದರೆ ಬರೀ ರವೆ!

ಈ ಗಂಟನ್ನು ಬಿಡಿಸಿದ ಕ್ಯಾಮೆರಾದ ಹೆಸರು ಶ್ಯಾಡೊಕ್ಯಾಮ್. ಹೆಸರಿನಲ್ಲೇ ನೆರಳಿದೆ. ಅಮೆರಿಕದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಮಾರ್ಕ್ ರಾಬಿನ್ಸನ್ ಅವರ ಮುಂದಾಳತ್ವದಲ್ಲಿ ತಯಾರಾದ ಇದು ನಾಸಾದ ಕ್ಯಾಮೆರಾ. ಆದರೆ ಅದು ಹತ್ತಿದ್ದು ದಕ್ಷಿಣ ಕೊರಿಯಾದ ನೌಕೆಯನ್ನು. ಆ ದೇಶದ ಮೊಟ್ಟಮೊದಲ ಚಂದ್ರನೌಕೆ ದನುರಿ. ಕೊರಿಯನ್ ಭಾಷೆಯಲ್ಲಿ ಚಂದ್ರ ಎನ್ನುವ ಮಾತಿಗೆ ಅನುಭವಿಸಿ ಆನಂದಿಸು ಎನ್ನುವ ಮಾತು ಸೇರಿಸಿ ಆ ಹೆಸರು ಮಾಡಿದ್ದಾರೆ. 2022ರ ಆಗಸ್ಟ್‌ನಲ್ಲಿ ಹೊರಟ ದನುರಿ ನೇರವಾಗಿ ಚಂದ್ರನಿಗೆ ಹೋಗಲಿಲ್ಲ. ಇಂಧನ ಉಳಿಸಲು ಸುಮಾರು ಹದಿನೈದೂವರೆ ಲಕ್ಷ ಕಿಲೊಮೀಟರ್ ದೂರ ಹೋಗಿ, ದೊಡ್ಡ ಸುತ್ತು ಹಾಕಿ, ಡಿಸೆಂಬರಿನಲ್ಲಿ ಚಂದ್ರನ ಕಕ್ಷೆ ಸೇರಿತು. ಪೆಟ್ರೋಲ್ ಉಳಿಸಲು ಇಳಿಜಾರು ರಸ್ತೆ ಹುಡುಕಿಕೊಂಡು ಬಳಸಿ ಹೋಗುವ ಸ್ಕೂಟರಿನವರ ಲೆಕ್ಕ.

ಶ್ಯಾಡೊಕ್ಯಾಮ್‌ನ ಉಪಾಯವನ್ನು ನಿಮ್ಮ ಶಾಲೆಯ ಬಿಸಿಯೂಟದ ಸಾಲಿನಲ್ಲಿ ಅರ್ಥ ಮಾಡಿಕೊಳ್ಳಬಹುದು. ಒಂದು ನಿಯಮ ಇದೆ ಅಂದುಕೊಳ್ಳಿ: ತಟ್ಟೆ ಹಿಡಿದು ನಡೆಯುತ್ತಲೇ ಇರಬೇಕು, ನಿಲ್ಲುವ ಹಾಗಿಲ್ಲ. ಸಾರು ಬಡಿಸುವವರ ಕೈಯಲ್ಲಿ ಇರುವುದು ಸೌಟಲ್ಲ, ಪುಟ್ಟ ಚಮಚ. ಬಡಿಸುವವರು ಒಬ್ಬರೇ ಇದ್ದರೆ ನಿಮ್ಮ ತಟ್ಟೆಗೆ ನಾಲ್ಕು ತೊಟ್ಟು ಬಿದ್ದೀತು. ಅವರೇ ಉದ್ದಕ್ಕೆ ಸಾಲಾಗಿ ಮೂವತ್ತು ಜನ ನಿಂತಿದ್ದರೆ? ಒಬ್ಬೊಬ್ಬರೂ ಒಂದೊಂದು ಚಮಚ ಹಾಕಿದರೂ ಸಾಲಿನ ಕೊನೆಗೆ ಬರುವಷ್ಟರಲ್ಲಿ ತಟ್ಟೆ ತುಂಬಿರುತ್ತದೆ. ನೀವು ಒಂದು ಕ್ಷಣವೂ ನಿಂತಿಲ್ಲ.

ಸಾಮಾನ್ಯ ನೌಕೆಯ ಕ್ಯಾಮೆರಾ ನೆಲವನ್ನು ಕಸಪೊರಕೆಯಿಂದ ಗುಡಿಸಿದ ಹಾಗೆ ಒಂದೊಂದೇ ಗೆರೆಯಾಗಿ ಓದುತ್ತಾ ಹೋಗುತ್ತದೆ. ಅಲ್ಲಿ ಬಡಿಸುವವರು ಒಬ್ಬರೇ. ಶ್ಯಾಡೊಕ್ಯಾಮ್‌ನ ಒಳಗೆ ಬೆಳಕು ಹಿಡಿಯುವ ಗೆರೆಗಳು ಸಾಲುಸಾಲಾಗಿವೆ. ಕುಳಿಯೊಳಗಿನ ಒಂದು ಕಲ್ಲಿನ ಬಿಂಬ ಮೊದಲ ಗೆರೆಯ ಮೇಲೆ ಬೀಳುತ್ತದೆ, ನೌಕೆ ಮುಂದೆ ಸರಿದಂತೆ ಎರಡನೆಯದರ ಮೇಲೆ, ಆಮೇಲೆ ಮೂರನೆಯದರ ಮೇಲೆ. ಪ್ರತಿ ಗೆರೆಯೂ ತಾನು ಹಿಡಿದ ಬೆಳಕಿನ ಲೆಕ್ಕವನ್ನು ಮುಂದಿನದಕ್ಕೆ ದಾಟಿಸುತ್ತದೆ. ಕಡೆಯ ಗೆರೆಯಲ್ಲಿ ಆ ಕಲ್ಲಿನ ಪೂರ್ತಿ ಲೆಕ್ಕ ಸಿಗುತ್ತದೆ. ಒಂದೇ ಒಂದು ಷರತ್ತು, ಲೆಕ್ಕ ದಾಟಿಸುವ ವೇಗವೂ ನೌಕೆಯ ವೇಗವೂ ತಾಳ ತಪ್ಪದೆ ಹೊಂದಬೇಕು. ತಪ್ಪಿದರೆ ನಿಮ್ಮ ಸಾರು ಪಕ್ಕದವನ ತಟ್ಟೆಗೆ, ಚಿತ್ರ ಮಸುಕು.

ಈ ಸಾಲಿಗೆ ಇನ್ನೂ ಸೂಕ್ಷ್ಮವಾದ ಸೆನ್ಸರ್ ಕೂಡ ಸೇರಿದಾಗ, ಎಲ್‌ಆರ್‌ಒ ನೌಕೆಯ ಕ್ಯಾಮೆರಾಕ್ಕಿಂತ ಇನ್ನೂರು ಪಟ್ಟು ಕಡಿಮೆ ಬೆಳಕಿನಲ್ಲೂ ಚಿತ್ರ ತೆಗೆಯುವ ಶಕ್ತಿ ಬಂತು. ನೂರು ಕಿಲೊಮೀಟರ್ ಎತ್ತರದಿಂದ ಅದರ ಚಿತ್ರದ ಒಂದೊಂದು ಚುಕ್ಕೆಯೂ ನೆಲದ 1.7 ಮೀಟರ್ ಜಾಗ. ಒಂದು ಎಮ್ಮೆ ಮಲಗಿದ್ದರೆ ಒಂದೋ ಎರಡೋ ಚುಕ್ಕೆಯಾಗಿ ಕಂಡೀತು. ಎಮ್ಮೆ ಎಂದು ಗುರುತು ಹಿಡಿಯುವುದು ಸಾಧ್ಯವಿಲ್ಲ.

2023ರ ಜನವರಿಯಲ್ಲಿ ಅದರ ಮೊದಲ ಚಿತ್ರ ಹೊರಬಂತು. ಅದೇ ಶ್ಯಾಕಲ್ಟನ್ ಕುಳಿಯ ಗೋಡೆ ಮತ್ತು ತಳ. ಆ ಚಿತ್ರದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ಸಣ್ಣ ಗೀರು. ಯಾವತ್ತೋ ಒಂದು ಬಂಡೆ ಕುಳಿಯ ಗೋಡೆಯಿಂದ ಕಳಚಿಕೊಂಡು ಉರುಳುತ್ತಾ ಕೆಳಗಿಳಿದಿದೆ. ಒದ್ದೆ ಮರಳಿನ ಮೇಲೆ ಚೆಂಡು ಉರುಳಿದರೆ ಗುರುತು ಬೀಳುವಂತೆ ಅದರ ಜಾಡು ಇಳಿಜಾರಿನ ಮೇಲೆ ಉಳಿದುಕೊಂಡಿದೆ. ನೋಡುವವರಿಲ್ಲ, ಸದ್ದು ಕೇಳಿಸಲು ಗಾಳಿಯಿಲ್ಲ, ಬಿಸಿಲಿಲ್ಲ. ಅಂಥ ಕಡೆ ಒಂದು ಕಲ್ಲು ಉರುಳಿದ್ದು ನಮಗೆ ಗೊತ್ತಾಯಿತು! ಆ ಜಾಡಿನಿಂದ ವಿಜ್ಞಾನಿಗಳು ಅಲ್ಲಿನ ಮಣ್ಣು ಎಷ್ಟು ಮೆತ್ತಗಿದೆ, ಮುಂದೆ ಗಾಲಿಗಾಡಿ ಇಳಿಸಿದರೆ ಹೂತುಹೋದೀತೇ ಎಂದು ಲೆಕ್ಕ ಹಾಕಬಲ್ಲರು.

ಇಷ್ಟು ಚುರುಕು ಕಣ್ಣಿನ ಈ ಕ್ಯಾಮೆರಾಕ್ಕೆ ಬಿಸಿಲಿನ ಫೋಟೊ ತೆಗೆಯಲು ಬರುವುದಿಲ್ಲ. ಬಿಸಿಲು ಬಿದ್ದ ನೆಲ ಎದುರಾದರೆ ಚಿತ್ರವೆಲ್ಲ ಬೆಳ್ಳಗೆ, ಹಾಲು ಉಕ್ಕಿ ಚೆಲ್ಲಿದ ಹಾಗೆ. ಸಿನಿಮಾ ಥಿಯೇಟರಿನಿಂದ ಮಧ್ಯಾಹ್ನ ಹೊರಗೆ ಬಂದಾಗ ನಿಮ್ಮ ಕಣ್ಣಿಗೂ ಹೀಗೇ ಆಗುತ್ತದಲ್ಲ, ನಿಮ್ಮ ಕಣ್ಣು ಹೊಂದಿಕೊಳ್ಳುತ್ತದೆ, ಅದು ಹೊಂದಿಕೊಳ್ಳುವುದಿಲ್ಲ. ಅದಕ್ಕೇ ಶ್ಯಾಕಲ್ಟನ್ ಸುತ್ತಲಿನ ಒಂದು ಪೂರ್ತಿ ಚಿತ್ರ ಮಾಡುವಾಗ ಬಿಸಿಲಿನ ಭಾಗವನ್ನು ಎಲ್‌ಆರ್‌ಒ ಚಿತ್ರಗಳಿಂದಲೂ ನೆರಳಿನ ಭಾಗವನ್ನು ಶ್ಯಾಡೊಕ್ಯಾಮ್ ಚಿತ್ರಗಳಿಂದಲೂ ತೆಗೆದು ಕೌದಿಯಂತೆ ಹೊಲಿದರು. ಆ ಚಿತ್ರ 2023ರ ಸೆಪ್ಟೆಂಬರಿನಲ್ಲಿ ಬಂತು. ಎಲ್‌ಆರ್‌ಒ ತೆಗೆದಿದ್ದ ಹಳೆಯ ನೆರಳು ಚಿತ್ರಗಳೂ ವ್ಯರ್ಥವಾಗಲಿಲ್ಲ. ಅವುಗಳ ಮೇಲಿನ ರವೆಯನ್ನು ಜರಡಿ ಹಿಡಿದು ತೆಗೆಯುವುದನ್ನು 2021ರಲ್ಲಿ ಒಂದು ಕಂಪ್ಯೂಟರಿಗೆ ಕಲಿಸಿದರು.

ಈ ಎರಡು ನೌಕೆಗಳು ಒಮ್ಮೆ ಒಂದರ ಫೋಟೊ ಇನ್ನೊಂದು ತೆಗೆದದ್ದೂ ಉಂಟು. 2024ರ ಮಾರ್ಚಿನಲ್ಲಿ ಅವು ಎದುರುಬದುರಾಗಿ ಸಾಗಿದಾಗ ಎಲ್‌ಆರ್‌ಒ ದನುರಿಯ ಚಿತ್ರ ಹಿಡಿಯಿತು. ಅವುಗಳ ನಡುವಿನ ವೇಗ ಗಂಟೆಗೆ ಸುಮಾರು 11,500 ಕಿಲೊಮೀಟರ್. ಕ್ಯಾಮೆರಾ ಕಣ್ಣು ತೆರೆದದ್ದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಕಡಿಮೆ ಹೊತ್ತು. ಅಷ್ಟರಲ್ಲೇ ಡಬ್ಬಿಯಂಥ ದನುರಿ ಎಳೆದ ಚಕ್ಕುಲಿ ಹಿಟ್ಟಿನ ಹಾಗೆ ಹತ್ತು ಪಟ್ಟು ಉದ್ದವಾಗಿ ಮೂಡಿತು. ಬಸ್ಸಿನ ಕಿಟಕಿಯ ಹುಲ್ಲು ಎಂದೆನಲ್ಲ, ಅದೇ.

ಇನ್ನು ಬೆಳಕಿನ ಹಂಗೇ ಇಲ್ಲದೆ ನೋಡುವ ದಾರಿಯೂ ಇದೆ. ಬಾವಲಿ ಕತ್ತಲಲ್ಲಿ ಕಿರುಚಿ, ಮರುದನಿ ಕೇಳಿ, ಎದುರಿಗೆ ಏನಿದೆ ಎಂದು ತಿಳಿಯುತ್ತದೆ. ರೇಡಾರ್ ಮಾಡುವುದೂ ಅದನ್ನೇ, ಆದರೆ ಸದ್ದಿನ ಬದಲು ರೇಡಿಯೊ ಅಲೆ. ಈ ಕೆಲಸದಲ್ಲಿ ನಮ್ಮ ಚಂದ್ರಯಾನಗಳ ಪಾಲು ದೊಡ್ಡದು. 2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1ರಲ್ಲಿ ಅಮೆರಿಕದವರ ಒಂದು ಪುಟ್ಟ ರೇಡಾರ್ ಇತ್ತು. ಉತ್ತರ ಧ್ರುವದ ನಲವತ್ತಕ್ಕೂ ಹೆಚ್ಚು ಸಣ್ಣ ಕುಳಿಗಳಲ್ಲಿ ಅದಕ್ಕೆ ಮಂಜುಗಡ್ಡೆಯ ಸುಳಿವು ಸಿಕ್ಕಿತು. ಅದೇ ನೌಕೆ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನವೇ, ತ್ರಿವರ್ಣ ಧ್ವಜ ಬಿಡಿಸಿದ್ದ ಒಂದು ಪೆಟ್ಟಿಗೆಯನ್ನು ಶ್ಯಾಕಲ್ಟನ್ ಕುಳಿಯ ಬಳಿ ಬೀಳಿಸಿತು. ಇಪ್ಪತ್ತೈದು ನಿಮಿಷ ಬೀಳುತ್ತಲೇ ಆ ಪೆಟ್ಟಿಗೆ ಫೋಟೊ ತೆಗೆದು ಕಳಿಸುತ್ತಿತ್ತು. ಚಂದ್ರಯಾನದ ಸುದ್ದಿಗಳೆಲ್ಲ ಬಂದಿಳಿಯುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳು ಎಂಬ ಹಳ್ಳಿಯ ದೊಡ್ಡ ಆ್ಯಂಟೆನಾಗಳಿಗೆ. ಒಂದರ ಬಟ್ಟಲು 32 ಮೀಟರ್ ಅಗಲ.

ಚಂದ್ರಯಾನ-2 ಇನ್ನೂ ದೊಡ್ಡ ರೇಡಾರ್ ಹೊತ್ತು 2019ರಿಂದ ಸುತ್ತುತ್ತಿದೆ. 2023ರ ಆಗಸ್ಟ್ 23ರಂದು ಇಳಿದ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರನ್ನು ಸೆಪ್ಟೆಂಬರ್ 4ರಂದು ಮಲಗಿಸಿದರು. ಎರಡು ದಿನ ಕಳೆದು, ಸೆಪ್ಟೆಂಬರ್ 6ರಂದು, ಈ ರೇಡಾರ್ ಮೇಲಿನಿಂದ ಅದರ ಚಿತ್ರ ಹಿಡಿಯಿತು. ಅಣ್ಣ ಹೊರಗಿನಿಂದ ಇಣುಕಿ ತಮ್ಮ ಮಲಗಿದ್ದಾನೋ ಎಂದು ನೋಡಿದ ಹಾಗೆ. ಇದನ್ನು ಫೋಟೊ ಎನ್ನಬಹುದೇ ಎಂದು ನೀವು ಕೇಳಬಹುದು. ನಾನಂತೂ ಎನ್ನುವುದಿಲ್ಲ. ಅದರಲ್ಲಿನ ಬಿಳುಪು ಕಪ್ಪು ಬೆಳಕಿನದಲ್ಲ, ಮರುದನಿಯದು.

ಎಲ್‌ಆರ್‌ಒ ನೌಕೆಯಲ್ಲಿ ಇನ್ನೊಂದು ಸಾಧನವಿದೆ. ಅದು ನಕ್ಷತ್ರಗಳ ಬೆಳಕನ್ನೂ, ಆಕಾಶದ ತುಂಬ ಹರಡಿರುವ ಹೈಡ್ರೋಜನ್ ಪರಮಾಣುಗಳ ಮಿನುಗನ್ನೂ ಬಳಸಿಕೊಂಡು ನೆರಳನ್ನು ನೋಡುತ್ತದೆ. ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಬೆಳಕು ಅದು. ಸೂರ್ಯನಿಗೇ ಪ್ರವೇಶವಿಲ್ಲದ ಕುಳಿಯೊಳಗೆ ನಕ್ಷತ್ರಗಳು ಇಣುಕುತ್ತವೆ!

ನೀರು ಇದೆಯೋ ಇಲ್ಲವೋ ಎಂಬುದಕ್ಕೆ ಗಟ್ಟಿ ಉತ್ತರ ಸಿಕ್ಕಿದ್ದು ಸ್ವಲ್ಪ ಒರಟು ದಾರಿಯಲ್ಲಿ. 2009ರ ಅಕ್ಟೋಬರ್ 9ರಂದು ನಾಸಾದವರು ರಾಕೆಟ್ಟಿನ ಒಂದು ಖಾಲಿ ಭಾಗವನ್ನು ದಕ್ಷಿಣ ಧ್ರುವದ ಹತ್ತಿರದ ಕೆಬಿಯಸ್ ಎಂಬ ಕತ್ತಲ ಕುಳಿಗೆ ಬಡಿದರು. ಬೆಳಕು ಗುಂಡಿಗೆ ಇಳಿಯದಿದ್ದರೆ ಗುಂಡಿಯ ಮಣ್ಣನ್ನೇ ಬೆಳಕಿಗೆ ಎಬ್ಬಿಸೋಣ ಎಂಬ ಲೆಕ್ಕ. ಎದ್ದ ಧೂಳು ಬಿಸಿಲಿಗೆ ಬಂತು, ಹಿಂದೆಯೇ ಬರುತ್ತಿದ್ದ ಸಣ್ಣ ನೌಕೆ ಅದನ್ನು ಪರೀಕ್ಷಿಸಿತು. ಅದರಲ್ಲಿ ಸುಮಾರು 155 ಕಿಲೊ ನೀರು ಕಂಡಿತು. ಹತ್ತು ಕೊಡದಷ್ಟು. ಮಂಜುಗಡ್ಡೆ ಮಣ್ಣಿನಲ್ಲಿ ಬೆರೆತು ಅಡಗಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಆದರೆ ಎಲ್ಲಿ ಎಷ್ಟಿದೆ, ಅಗೆದರೆ ಸಿಗುತ್ತದೆಯೇ ಎಂದು ತಿಳಿಯಲು ಪ್ರತಿ ಕುಳಿಗೂ ರಾಕೆಟ್ ಬಡಿಯಲಾಗುವುದಿಲ್ಲ. ಹಾಗಾಗಿ ಫೋಟೊಗಳೇ ಬೇಕು.

ಕರೆಂಟು ಬಂದಾಗ ಪುಟ್ಟಿಯ ಚಂದ್ರ ಒಣಗಿ ಬಿರುಕು ಬಿಟ್ಟಿದ್ದ. ಅವಳ ಅಮ್ಮ ಅದಕ್ಕೆ ನೀರು ಚಿಮುಕಿಸಿ, ಮತ್ತೆ ನಾದಿ, ಲಟ್ಟಿಸಿ, ಕಾವಲಿಗೆ ಹಾಕಿದಳು.

ಎರವಲು ಬೆಳಕಿನಲ್ಲಿ ಚಂದ್ರನನ್ನು ನೋಡಲು ನಿಮಗೆ ನೌಕೆ ಬೇಡ, ಅಮಾವಾಸ್ಯೆ ಕಳೆದು ಎರಡು ಮೂರು ದಿನ ಆದರೆ ಸಾಕು. ಸೂರ್ಯ ಮುಳುಗಿ ಅರ್ಧ ಮುಕ್ಕಾಲು ಗಂಟೆಯಾದ ಮೇಲೆ ಮಾಳಿಗೆ ಹತ್ತಿ ಪಶ್ಚಿಮಕ್ಕೆ ತಿರುಗಿ. ಬಿದಿಗೆಯದೋ ತದಿಗೆಯದೋ ಉಗುರಿನಂಥ ಚಂದ್ರ ಅಲ್ಲಿರುತ್ತಾನೆ. ಆ ಉಗುರಿನ ಮಡಿಲಲ್ಲಿ ಚಂದ್ರನ ಉಳಿದ ಭಾಗ ಬೂದಿ ಬಣ್ಣದಲ್ಲಿ ಕಾಣುತ್ತದೆ, ಸ್ವಲ್ಪ ಹೊತ್ತು ನೋಡುತ್ತಾ ನಿಂತರೆ ಮಾತ್ರ. ಅಲ್ಲಿ ಈಗ ರಾತ್ರಿ. ನಮ್ಮ ಭೂಮಿಯ ಮೋಡ, ಸಮುದ್ರ, ನೆಲಗಳಿಗೆ ತಾಗಿ ಪುಟಿದ ಬಿಸಿಲು ಅಲ್ಲಿಗೆ ಹೋಗಿ, ಮತ್ತೆ ಪುಟಿದು ನಿಮ್ಮ ಕಣ್ಣಿಗೆ ಬರುತ್ತಿದೆ. ಮೊಬೈಲನ್ನು ಕೆಳಗೇ ಬಿಟ್ಟು ಹೋಗಿ, ಇದಕ್ಕೆ ಕಣ್ಣೇ ಸಾಕು.